ಮಾಸ್ಕ್ ಮನೆಗೆ ಬರುವ ಮುನ್ನ

ಸ್ಲೀಪ್ ಆಪ್ನಿಯಾ ಇದೆ ಎಂಬ ರಿಪೋರ್ಟ್ ಕೈಗೆ ಬಂದ ದಿನಕ್ಕೂ ಸಿಪ್ಯಾಪ್ ಯಂತ್ರ ಮಂಚದ ಪಕ್ಕಕ್ಕೆ ಬಂದು ಕೂರುವ ದಿನಕ್ಕೂ ನಡುವೆ ಒಂದೆರಡು ವಾರ ಬಿಡುವು ಸಿಗುತ್ತದೆ. ಈ ವಾರಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೊರಗೆ ಮೂವತ್ತು ರೋಗಿಗಳು ಕಾಯುತ್ತಿರುವಾಗ ವೈದ್ಯರಿಗೆ ಪುರುಸೊತ್ತಿಲ್ಲ, ಯಂತ್ರ ಮಾರುವವರಿಗೆ ಬಿಲ್ ಆದರೆ ಸಾಕು. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರವನ್ನು ಎರಡೇ ತಿಂಗಳಲ್ಲಿ ಅಟ್ಟಕ್ಕೇರಿಸಿದವರನ್ನು ಕೇಳಿ ನೋಡಿ: ಮಾಸ್ಕ್ ಸರಿ ಕೂರಲಿಲ್ಲ, ಉಸಿರು ಕಟ್ಟಿದಂತಾಯಿತು, ಮನೆಯವರು ಹೆದರಿದರು ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಯಂತ್ರ ಬರುವ ಮೊದಲೇ ಅರ್ಧ ಬಗೆಹರಿಯಬಹುದಾದ ತೊಂದರೆಗಳು. ಪುಣೆಯಲ್ಲಿ ಕಳೆದ ವರ್ಷ ನಾನು ಈ ದಾರಿ ಹಾದು ಬಂದೆ. ಊರಿನಿಂದ ದೂರ ಇರುವ ನಮ್ಮಂಥವರಿಗೆ ಇದರಲ್ಲಿ ಒಂದೆರಡು ಹೆಚ್ಚಿನ ತೊಡಕುಗಳೂ ಇವೆ.

ಕಾಯಿಲೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ ಅಥವಾ ಕಿರಿದಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಕನಿಷ್ಠ 10 ಸೆಕೆಂಡ್ ಇರುವ ಇಂಥ ಅಡಚಣೆಗಳು ಗಂಟೆಗೆ ಎಷ್ಟಾದವು ಎಂಬ ಲೆಕ್ಕವೇ ರಿಪೋರ್ಟಿನಲ್ಲಿರುವ ಎ.ಎಚ್.ಐ. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ. ನನ್ನದು 34. ಅಂದರೆ ಎರಡು ನಿಮಿಷ ತುಂಬುವ ಮೊದಲೇ ಒಂದು ಸಲ. 36ನೇ ವಯಸ್ಸಿಗೆ ಬಿಪಿ ಮಾತ್ರೆ ಏಕೆ ಶುರುವಾಯಿತು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಅಲ್ಲೇ ಇತ್ತು ಎಂದರು ವೈದ್ಯರು. ದೆಹಲಿಯ ಏಮ್ಸ್ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ನಮ್ಮ ದೇಶದ ವಯಸ್ಕರಲ್ಲಿ ಶೇ 11ರಷ್ಟು ಜನರಿಗೆ ಇದಿದೆ. ನಿಮ್ಮ ಆಫೀಸಿನ ಒಂದು ಮಹಡಿಯಲ್ಲಿ ನೂರು ಜನ ಇದ್ದರೆ ಲೆಕ್ಕ ನೀವೇ ಹಾಕಿ. ದಪ್ಪಗಿದ್ದವರಿಗಷ್ಟೇ ಬರುತ್ತದೆ ಎಂಬುದೂ ನಿಜವಲ್ಲ. ದವಡೆ ಚಿಕ್ಕದಾಗಿರುವ ಸಪೂರ ಮೈಯವರಿಗೂ ಬರುತ್ತದೆ.

ರಿಪೋರ್ಟ್ ಬಂದ ದಿನವೇ ಮಾಡಬೇಕಾದ ಕೆಲಸ ಒಂದಿದೆ: ಕಾರಿನ ಕೀಲಿ ಬೇರೆಯವರ ಕೈಗೆ ಕೊಡುವುದು. ಪುಣೆಯಲ್ಲಿರುವ ಉತ್ತರ ಕರ್ನಾಟಕದವರಿಗೆ ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಕಾರು ಹತ್ತುವುದು ಒಂದು ಸಂಪ್ರದಾಯ. ಖಂಬಾಟಕಿ ಘಾಟ್, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಿನ ಜಾವ ಧಾರವಾಡದಲ್ಲಿ ಚಹಾ. ಚಿಕಿತ್ಸೆ ಸಿಗದ ಆಪ್ನಿಯಾ ಇರುವವರು ಆ ರಸ್ತೆಯಲ್ಲಿ ರಾತ್ರಿ ಸ್ಟೀರಿಂಗ್ ಹಿಡಿಯುವುದು ಕುಡಿದು ಹಿಡಿದಷ್ಟೇ ಅಪಾಯ. ಕಿಟಕಿ ಇಳಿಸಿದರೆ, ಜೋರಾಗಿ ಹಾಡು ಹಾಕಿದರೆ ತೂಕಡಿಕೆ ಹೋಗುವುದಿಲ್ಲ, ಮುಂದೆ ಹೋಗುತ್ತದೆ ಅಷ್ಟೆ. ಯಂತ್ರ ಬಂದು, ಹಗಲಿನ ತೂಕಡಿಕೆ ಕಡಿಮೆಯಾಯಿತು ಎಂದು ವೈದ್ಯರು ಒಪ್ಪುವವರೆಗೆ ನಾವು ರೈಲಿನಲ್ಲೇ ಓಡಾಡಿದೆವು. ಹಾಗೆಯೇ ರಾತ್ರಿಯ ಮದ್ಯ, ವೈದ್ಯರನ್ನು ಕೇಳದೆ ನುಂಗುವ ನಿದ್ದೆ ಮಾತ್ರೆ ಎರಡನ್ನೂ ಬಿಡಬೇಕು. ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಬೆನ್ನ ಮೇಲೆ ಮಲಗುವ ಬದಲು ಮಗ್ಗುಲಾಗಿ ಮಲಗುವುದು ಯಂತ್ರ ಬರುವವರೆಗೆ ಸ್ವಲ್ಪ ಆಸರೆ.

ಎರಡನೆಯದು, ಇಂದಿನ ಸ್ಥಿತಿಯನ್ನು ಬರೆದಿಡುವುದು. ಎಪ್‌ವರ್ತ್ ಸ್ಕೇಲ್ ಎಂಬ ಪ್ರಶ್ನಾವಳಿ ಇದೆ. ಮೆಲ್ಬರ್ನ್‌ನ ಮರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ರೂಪಿಸಿದ್ದು. ಎಂಟು ಸಂದರ್ಭ ಕೊಟ್ಟು ಅಲ್ಲಿ ನೀವು ತೂಕಡಿಸುವ ಸಾಧ್ಯತೆ ಎಷ್ಟು ಎಂದು ಕೇಳುತ್ತದೆ. 24ಕ್ಕೆ 10 ದಾಟಿದರೆ ಹಗಲಿನ ನಿದ್ದೆ ಅತಿಯಾಗಿದೆ ಎಂದರ್ಥ. ಇಲ್ಲಿ ಭಾಷೆಯ ತೊಡಕು ಬರುತ್ತದೆ. ಪರವೂರಿನ ಲ್ಯಾಬಿನಲ್ಲಿ ಹರುಕು ಮುರುಕು ಹಿಂದಿಯಲ್ಲಿ ನಾವೆಲ್ಲ ಹೇಳುವುದು 'ಥಕಾನ್' ಎಂದು. ಸುಸ್ತು ಬೇರೆ, ತೂಕಡಿಕೆ ಬೇರೆ. ಮೀಟಿಂಗಿನಲ್ಲಿ ಕಣ್ಣು ತೆರೆದೇ ಎರಡು ಸೆಕೆಂಡ್ ಮಾಯವಾಗುವುದನ್ನು ಸುಸ್ತು ಎಂದರೆ ಎದುರಿನವರು ವಿಟಮಿನ್ ಬರೆದು ಕೊಡುತ್ತಾರೆ. ಕನ್ನಡದಲ್ಲಿ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಹಿಂದಿಗೋ ಇಂಗ್ಲಿಷಿಗೋ ತಿರುಗಿಸಿ ಹೇಳಿ. ಒಬ್ಬರೇ ರೂಮು ಮಾಡಿಕೊಂಡು ಇರುವವರಿಗೆ ಇನ್ನೂ ಕಷ್ಟ. ಈ ಕಾಯಿಲೆಗೆ ಮೊದಲ ಸಾಕ್ಷಿ ಪಕ್ಕದಲ್ಲಿ ಮಲಗಿದವರ ಕಿವಿ. ಅವರಿಲ್ಲದಿದ್ದರೆ ಫೋನಿನಲ್ಲಿ ರಾತ್ರಿಯ ಧ್ವನಿ ರೆಕಾರ್ಡ್ ಮಾಡಿ ವೈದ್ಯರಿಗೆ ಕೇಳಿಸಬಹುದು. ನನ್ನ ಅಂಕ 15 ಇತ್ತು. ಡೈರಿಯಲ್ಲಿ ಅದರ ಪಕ್ಕ ಬಿಪಿಯನ್ನೂ ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೇನೆ ಎಂಬುದನ್ನೂ ಬರೆದೆ. ತಿಂಗಳ ನಂತರ ಗುಣ ಕಾಣುತ್ತಿದೆಯೇ ಎಂದು ಅನುಮಾನ ಬಂದಾಗ ನೋಡಲು ಅದೊಂದು ಹಾಳೆ ಬೇಕಾಗುತ್ತದೆ.

ಮೂಗನ್ನೂ ಈ ಬಿಡುವಿನಲ್ಲಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ, ಅಲರ್ಜಿಯಿಂದ ಸದಾ ಕಟ್ಟಿರುತ್ತಿದ್ದರೆ ಯಾವ ಮಾಸ್ಕ್ ಕೊಳ್ಳಬೇಕೆಂಬುದೇ ಬದಲಾಗುತ್ತದೆ.

ಮಾಸ್ಕ್ ವಿಷಯದಲ್ಲಿ ಜಿಪುಣತನವೂ ಅವಸರವೂ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜನ ಯಂತ್ರದ ಕಂಪನಿ, ಮಾಡೆಲ್ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಮಾಸ್ಕನ್ನು ಮಾತ್ರ ಜೊತೆಗೆ ಬಂದದ್ದನ್ನೇ ಹಾಕಿಕೊಳ್ಳುತ್ತಾರೆ. ಯಂತ್ರಗಳ ನಡುವೆ ಅಷ್ಟೇನೂ ವ್ಯತ್ಯಾಸವಿಲ್ಲ. ರಾತ್ರಿಯಿಡೀ ಮುಖಕ್ಕೆ ಅಂಟಿರುವುದು ಮಾಸ್ಕ್. ಮೂರು ಬಗೆ ಇವೆ: ಮೂಗಿನ ಹೊಳ್ಳೆಗೆ ಮಾತ್ರ ತಾಗುವ ಪಿಲ್ಲೊ, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು. ಬಾಯಿ ತೆರೆದು ಮಲಗುವವರಿಗೆ ಸಾಮಾನ್ಯವಾಗಿ ಮೂರನೆಯದನ್ನು ಹೇಳುತ್ತಾರೆ, ಆದರೆ ಮೂಗಿನ ತೊಂದರೆ ಸರಿಹೋದ ಮೇಲೆ ಚಿಕ್ಕ ಮಾಸ್ಕಿಗೆ ಬಂದವರೂ ಇದ್ದಾರೆ. ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು ಅಳತೆ ನೋಡಬೇಡಿ. ಮಲಗಿದಾಗ ಕೆನ್ನೆಯ ಮಾಂಸ ಹಿಂದಕ್ಕೆ ಸರಿದು ಮುಖದ ಆಕಾರವೇ ಬದಲಾಗುತ್ತದೆ. ಅಲ್ಲಿ ಒಂದು ಬೆಂಚ್ ಇದ್ದರೆ ಮಲಗಿ, ಯಂತ್ರ ಓಡಿಸಿ, ಎಡಕ್ಕೆ ಬಲಕ್ಕೆ ಮಗ್ಗುಲಾಗಿ ಗಾಳಿ ಸೋರುತ್ತದೆಯೇ ನೋಡಿ. ನಾಚಿಕೆ ಬೇಡ, ಹಣ ನಿಮ್ಮದು. ಗಡ್ಡ ಬಿಟ್ಟವರಿಗೆ ದೊಡ್ಡ ಮಾಸ್ಕ್ ಸೋರುವುದು ಹೆಚ್ಚು. ಪಟ್ಟಿ ಬಿಗಿದರೆ ಸೋರಿಕೆ ನಿಲ್ಲುತ್ತದೆ ಎಂದು ಬಿಗಿಯುತ್ತಾ ಹೋದರೆ ಮೂಗಿನ ದಿಂಡಿನ ಮೇಲೆ ಹುಣ್ಣಾಗುತ್ತದೆ. ನಾನು ಹೋದ ಮೊದಲ ಅಂಗಡಿಯವರು ಮಾಸ್ಕ್ ಬದಲಿಸಿ ಕೊಡುವುದಿಲ್ಲ ಎಂದರು, ಎದ್ದು ಬಂದೆ. ಎರಡನೆಯವರು ಯಂತ್ರವನ್ನು ಒಂದು ತಿಂಗಳು ಬಾಡಿಗೆಗೆ ಕೊಟ್ಟರು, ಎರಡು ಮಾಸ್ಕ್ ಪ್ರಯತ್ನಿಸಲು ಬಿಟ್ಟರು. ದೊಡ್ಡ ಊರುಗಳಲ್ಲಿ ಹುಡುಕಿದರೆ ಇಂಥ ಬಾಡಿಗೆ ಸಿಗುತ್ತದೆ.

ಹಳೆಯ ಯಂತ್ರ ಕಡಿಮೆಗೆ ಸಿಗುತ್ತದೆ ಎಂದು ಆಸೆಪಡುವವರು ಒಂದು ವಿಷಯ ತಿಳಿದಿರಬೇಕು. ಒಳಗಿನ ಸದ್ದಡಗಿಸುವ ಫೋಮ್ ಪುಡಿಯಾಗುವ ಅಪಾಯದಿಂದ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಹಲವು ಮಾಡೆಲ್‌ಗಳನ್ನು ವಾಪಸ್ ಕರೆಸಿಕೊಂಡಿತ್ತು. ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಪರಿಶೀಲಿಸದೆ ಯಾರದೋ ಮನೆಯ ಯಂತ್ರ ತರಬೇಡಿ. ಹೊಸ ಆಟೊ ಸಿಪ್ಯಾಪ್‌ಗೆ ಸುಮಾರು 30 ಸಾವಿರ ರೂಪಾಯಿಯಿಂದ ಮೇಲಕ್ಕೆ ಬೆಲೆ. ಕಂಪನಿಯ ಆರೋಗ್ಯ ವಿಮೆಗಳು ಬಹುಪಾಲು ಯಂತ್ರಕ್ಕೆ ಹಣ ಕೊಡುವುದಿಲ್ಲ, ಆದರೂ ಎಚ್.ಆರ್.ಗೆ ಒಂದು ಮೇಲ್ ಹಾಕುವುದರಲ್ಲಿ ನಷ್ಟವಿಲ್ಲ. ದೆಹಲಿಯಲ್ಲಿ ಕೇಂದ್ರ ಸರ್ಕಾರಿ ನೌಕರಿಯಲ್ಲಿರುವವರಿಗೆ ಸಿ.ಜಿ.ಎಚ್.ಎಸ್. ಅಡಿ ಪೂರ್ವಾನುಮತಿ ಪಡೆದರೆ ಮಿತಿಯೊಳಗೆ ಹಣ ಮರಳುತ್ತದೆ. ಅನುಮತಿ ಮೊದಲು, ಖರೀದಿ ಆಮೇಲೆ.

ಒತ್ತಡ ಎಷ್ಟು ಇಡಬೇಕು ಎಂದು ತಿಳಿಯಲು ಕೆಲವರನ್ನು ಇನ್ನೊಂದು ರಾತ್ರಿ ಲ್ಯಾಬಿನಲ್ಲಿ ಮಲಗಿಸುತ್ತಾರೆ, ಕೆಲವರಿಗೆ ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ ಕೊಟ್ಟು ಮನೆಗೆ ಕಳಿಸುತ್ತಾರೆ. ಲ್ಯಾಬಿಗೆ ಹೋಗುವುದಾದರೆ ತಲೆಗೆ ಎಣ್ಣೆ ಹಚ್ಚಬೇಡಿ, ತಂತಿಗಳು ಅಂಟುವುದಿಲ್ಲ. ಮಧ್ಯಾಹ್ನದ ನಿದ್ದೆ, ಸಂಜೆಯ ಫಿಲ್ಟರ್ ಕಾಫಿ ಅಂದು ಬೇಡ. ನಿಮ್ಮ ದಿಂಬು ತೆಗೆದುಕೊಂಡು ಹೋಗಿ.

ಯಂತ್ರ ಬಂದ ಮೇಲೆ ಮೊದಲ ದಿನವೇ ರಾತ್ರಿ ಹನ್ನೊಂದಕ್ಕೆ ಮುಖಕ್ಕೆ ಕಟ್ಟಿಕೊಂಡು ಯುದ್ಧಕ್ಕಿಳಿಯುವುದಕ್ಕಿಂತ, ಸಂಜೆ ಟಿವಿ ನೋಡುತ್ತಾ ಬರೀ ಮಾಸ್ಕನ್ನು ಹದಿನೈದು ನಿಮಿಷ ಹಾಕಿಕೊಂಡು ಕೂರುವುದು ಒಳ್ಳೆಯದು. ಮರುದಿನ ಗಾಳಿಯೊಂದಿಗೆ. ಆಮೇಲೆ ಭಾನುವಾರದ ಮಧ್ಯಾಹ್ನ ಒಂದು ಚಿಕ್ಕ ನಿದ್ದೆ. ನನ್ನ ಆರು ವರ್ಷದ ಮಗಳಿಗೆ ಇದು ಆನೆಯ ಸೊಂಡಿಲು; ಮೂರನೇ ದಿನಕ್ಕೆ ತನ್ನ ಗೊಂಬೆಗೂ ಒಂದು ಕಟ್ಟಿದಳು.

ದೊಡ್ಡವರಿಗೆ ತಿಳಿಸುವುದು ಅಷ್ಟು ಸುಲಭವಲ್ಲ. ಹಾವೇರಿಯಲ್ಲಿರುವ ಅವ್ವ ವಿಡಿಯೊ ಕಾಲ್‌ನಲ್ಲಿ ಮೇಜಿನ ಮೇಲಿದ್ದ ಮಾಸ್ಕ್ ಕಂಡು, "ಆಕ್ಸಿಜನ್ ಹಚ್ಯಾರೇನು? ನಮಗ ಯಾಕ ಹೇಳಲಿಲ್ಲ?" ಎಂದು ಅಳುವುದಕ್ಕೇ ಶುರು ಮಾಡಿದಳು. ಕೋವಿಡ್ ಕಂಡ ಮನೆಗಳಲ್ಲಿ ಮಾಸ್ಕ್ ಮತ್ತು ಪೈಪ್ ಎಂದರೆ ಒಂದೇ ಅರ್ಥ. ಮೇಲಾಗಿ 2022ರಲ್ಲಿ ಬಪ್ಪಿ ಲಹಿರಿ ತೀರಿಕೊಂಡಾಗ ಟಿವಿಯಲ್ಲಿ ಈ ಕಾಯಿಲೆಯ ಹೆಸರು ಬಂದದ್ದು ಅವಳಿಗೆ ನೆನಪಿತ್ತು. ಇದರಲ್ಲಿ ಆಕ್ಸಿಜನ್ ಇಲ್ಲ, ಇದೇ ಕೋಣೆಯ ಗಾಳಿ. ಸೈಕಲ್ ಟ್ಯೂಬ್ ಸೊಟ್ಟಗಾಗದಂತೆ ಒಳಗೆ ಗಾಳಿ ಹೇಗೆ ಹಿಡಿದಿಡುತ್ತದೋ ಹಾಗೆ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ ಎಂದು ಅಪ್ಪನಿಗೆ ಹೇಳಿದೆ. ಸೈಕಲ್ ಅಂಗಡಿ ಇಟ್ಟಿದ್ದವರು, ತಕ್ಷಣ ತಿಳಿಯಿತು. ಅವ್ವನಿಗೆ ಅವರೇ ತಿಳಿಸಿದರು. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸುವ ಮೊದಲು ತೀವ್ರ ರೋಗಿಗಳಿಗೆ ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡುತ್ತಿದ್ದರು ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ, ನನಗೆ ನಾನೇ ಹೇಳಿಕೊಂಡೆ.

ಇನ್ನೂ ಮದುವೆಯಾಗದವರ ಸಂಕಟ ಬೇರೆ. ಹೈದರಾಬಾದಿನಲ್ಲಿರುವ ಗೆಳೆಯನೊಬ್ಬ ರಿಪೋರ್ಟ್ ಬಂದ ಮೇಲೂ ಎಂಟು ತಿಂಗಳು ಯಂತ್ರ ಕೊಳ್ಳಲಿಲ್ಲ. ಹುಡುಗಿ ನೋಡುತ್ತಿದ್ದಾರೆ, ಈಗಲೇ ಇದೆಲ್ಲ ಯಾಕೆ ಎಂದು ಮನೆಯವರ ಮಾತು. ಗೊರಕೆ ಮುಚ್ಚಿಡಬಹುದಾದ ಗುಟ್ಟೇ? ಮೊದಲ ರಾತ್ರಿಯೇ ಬಯಲಾಗುವುದನ್ನು ಮೊದಲೇ ಹೇಳುವುದು ಮರ್ಯಾದೆ ಎಂದು ನನಗನ್ನಿಸುತ್ತದೆ. ಅವನು ಕೊನೆಗೆ ಹೇಳಿದ. ಒಂದು ಸಂಬಂಧ ಹೋಯಿತು. ಎರಡನೆಯ ಹುಡುಗಿ ಫಿಸಿಯೊಥೆರಪಿಸ್ಟ್, ಎ.ಎಚ್.ಐ. ಎಷ್ಟು ಎಂದಷ್ಟೇ ಕೇಳಿದಳಂತೆ.

ಸಾಫ್ಟ್‌ವೇರ್‌ನವರಿಗೆ ಒಂದು ಎಚ್ಚರಿಕೆ. ಯಂತ್ರದ ಆ್ಯಪ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಗಂಟೆ, ಸೋರಿಕೆ, ಎ.ಎಚ್.ಐ. ಎಲ್ಲ ಬಂದು ಬೀಳುತ್ತದೆ. ಡ್ಯಾಶ್‌ಬೋರ್ಡ್ ಕಂಡರೆ ಸುಮ್ಮನಿರುವ ಜಾತಿ ನಮ್ಮದಲ್ಲ. ದಿನದ ಅಂಕಿ ನೋಡಿ ಸ್ವಂತವಾಗಿ ಒತ್ತಡ ತಿರುಗಿಸಲು ಹೋಗದೆ, ವಾರದ ಸರಾಸರಿ ನೋಡಿ. ಮೊದಲ ತಿಂಗಳು ಎಲ್ಲಕ್ಕಿಂತ ಮುಖ್ಯ ಹಾಕಿಕೊಂಡ ಗಂಟೆಗಳು. ಹತ್ತರಲ್ಲಿ ಏಳು ರಾತ್ರಿ ಕನಿಷ್ಠ 4 ಗಂಟೆ ಎಂಬುದು ಎಲ್ಲ ಕಡೆ ಬಳಸುವ ಅಳತೆ. ಅದು ಪಾಸು ಮಾರ್ಕು ಮಾತ್ರ, ನಿದ್ದೆ ಇದ್ದಷ್ಟು ಹೊತ್ತೂ ಬೇಕು. ಅಮೆರಿಕದ ಕಾಲ್ ಮುಗಿಸಿ ಬೆಳಗಿನ ಜಾವ ಮಲಗುವವರಿಗೆ, ಹಗಲಲ್ಲಿ ಮಲಗಿದರೂ ಇದು ಬೇಕು. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ ಬಂದಿದೆಯಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಸ್ಥೂಲಕಾಯ ಇರುವ ಆಪ್ನಿಯಾ ರೋಗಿಗಳಿಗೆ ಅಮೆರಿಕದ ಎಫ್.ಡಿ.ಎ. 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ತೂಕ ಇಳಿಯಲು ತಿಂಗಳುಗಳು ಬೇಕು, ಉಸಿರು ಈ ರಾತ್ರಿಯೂ ಆಡಬೇಕು.

ಉಳಿದದ್ದು ಕರೆಂಟಿನ ಪ್ರಶ್ನೆ. ಪುಣೆಯ ಫ್ಲಾಟಿನಲ್ಲಿ ಜನರೇಟರ್ ಇದೆ, ಊರಿನಲ್ಲಿ ಇಲ್ಲ. ಮನೆಯ ಇನ್ವರ್ಟರ್ ಲೈನ್ ಸಾಮಾನ್ಯವಾಗಿ ದೀಪ, ಫ್ಯಾನುಗಳಿಗೆ ಮಾತ್ರ ಹೋಗಿರುತ್ತದೆ, ಮಂಚದ ಪಕ್ಕದ ಪ್ಲಗ್‌ಗೆ ಇರುವುದಿಲ್ಲ. ಯಂತ್ರಕ್ಕೆ ಹೆಚ್ಚೇನೂ ವಿದ್ಯುತ್ ಬೇಡ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಎಳೆಯುವುದೇ ಜಾಸ್ತಿ. ಬ್ಯಾಟರಿ ಮೇಲಿದ್ದಾಗ ಅದನ್ನು ಆರಿಸಿದರೆ ಹೆಚ್ಚು ಹೊತ್ತು ಬರುತ್ತದೆ. ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಮಾಡುವುದುಂಟು, ಹಾಗಾಗಿ ರಾತ್ರಿ ಪ್ರಯಾಣಕ್ಕೆ ಬ್ಯಾಟರಿ ಬೇಕೇ ಬೇಕು. ಅದೇ ಬ್ಯಾಟರಿ ವಿಮಾನಕ್ಕೂ ಬೇಕಾದರೆ 100 ವ್ಯಾಟ್-ಅವರ್ ಒಳಗಿನದನ್ನು ಕೊಳ್ಳಿ. ಅದಕ್ಕಿಂತ ದೊಡ್ಡದಾದರೆ ವಿಮಾನ ಸಂಸ್ಥೆಯ ಅನುಮತಿ ಕೇಳಬೇಕು. ಯಂತ್ರವನ್ನು ಚೆಕ್-ಇನ್ ಲಗೇಜಿಗೆ ಹಾಕದೆ ಕೈಯಲ್ಲೇ ಒಯ್ಯಿರಿ, ವೈದ್ಯರ ಚೀಟಿ ಜೊತೆಗಿರಲಿ. ಹೊರಡುವ ಮುನ್ನ ಡಬ್ಬಿಯ ನೀರು ಚೆಲ್ಲಿ, ಇಲ್ಲವಾದರೆ ಮೋಟಾರಿಗೆ ಹೋಗುತ್ತದೆ.

ಯಂತ್ರ ಬರುವ ಮೊದಲ ವಾರವೇ ಊರಿಗೆ ಫೋನ್ ಮಾಡಿ, ಮಲಗುವ ಕೋಣೆಯಲ್ಲಿ ಒಂದು ಪ್ಲಗ್ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಸೇರಿಸಲು ಹೇಳಿದ್ದೆ. ಎಲೆಕ್ಟ್ರಿಷಿಯನ್ ಬರಲು ಒಂದೂವರೆ ತಿಂಗಳು ಹಿಡಿಯಿತು. ಈಗ ಅಪ್ಪ ಅದಕ್ಕೆ ತಮ್ಮ ರೇಡಿಯೊ ಹಚ್ಚಿಕೊಂಡಿದ್ದಾರೆ. ನಾವು ಹೊರಡುವ ಹಿಂದಿನ ದಿನ ನೆನಪಿಸಬೇಕು.