ಬಂದೂಕಿನ ಸಂತೆ: ಅಂದು, ಇಂದು

ಹಳೆಯ ವಸ್ತುಗಳನ್ನು ಕೂಡಿಹಾಕುವ ಹವ್ಯಾಸ ಹತ್ತಿದವನಿಗೆ ಅಂಗಡಿಗಿಂತ ಸಂತೆಯೇ ಹೆಚ್ಚು ಪ್ರಿಯವಾದುದು. ಅಂಗಡಿಯಲ್ಲಿ ಬೆಲೆಯನ್ನು ಚೀಟಿ ಹೇಳುತ್ತದೆ. ಸಂತೆಯಲ್ಲಿ ಅದನ್ನು ನಮ್ಮ ಕಣ್ಣೇ ಹೇಳಬೇಕು. ಮುಂಬಯಿಯ ಚೋರ್ ಬಜಾರಿನ ಓಣಿಗಳಲ್ಲಿಯೋ, ಪುಣೆಯ ಜೂನಾ ಬಜಾರಿನಲ್ಲಿಯೋ ತುಕ್ಕು ಹಿಡಿದ ರಾಶಿಯ ನಡುವೆ ಕೈಯಾಡಿಸಿದ ವಾಚಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇಂಥ ಸಂತೆ ನೆಲೆ ತಪ್ಪಿದರೆ ಅದರ ಗುಣವೂ ತಪ್ಪುತ್ತದೆಂಬುದನ್ನು ಸಹ ನಮ್ಮವರು ಬಲ್ಲರು. ಮದರಾಸಿನ ಮೂರ್ ಮಾರ್ಕೆಟ್ಟು 1985ರ ಬೆಂಕಿಗೆ ಆಹುತಿಯಾಯಿತು. ದಿಲ್ಲಿಯ ದರಿಯಾಗಂಜಿನ ಕಾಲುದಾರಿಯ ಮೇಲೆ ಭಾನುವಾರಗಳಂದು ನೆರೆಯುತ್ತಿದ್ದ ಪುಸ್ತಕದ ಸಂತೆ 2019ರಲ್ಲಿ ಮಹಿಳಾ ಹಾಟಿನ ಗೋಡೆಗಳೊಳಕ್ಕೆ ಸೇರಿತು. ಹಳೆಯ ಗಿರಾಕಿಗಳ ಬಾಯಲ್ಲಿ ಇಂದಿಗೂ ಹಳೆಯ ಜಾಗಗಳ ಹೆಸರೇ ಇದೆ.

ಇದೇ ಬಗೆಯ ಕೊರಗನ್ನು ಹೇಳಿಕೊಳ್ಳುವ ವೃದ್ಧರ ಒಂದು ವರ್ಗ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿದೆ. ಆದರೆ ಅವರ ಸಂತೆಯಲ್ಲಿ ಮೇಜಿನ ಮೇಲೆ ಹರಡಿರುವುದು ಪುಸ್ತಕವಲ್ಲ, ತಾಮ್ರದ ಕೊಡವೂ ಅಲ್ಲ, ಬಂದೂಕು. ‘ಗನ್ ಶೋ’ ಎಂದು ಅದಕ್ಕೆ ಹೆಸರು. ವಾರದ ಕೊನೆಯ ಎರಡು ದಿನ ಯಾವುದಾದರೂ ಊರಿನ ಜಾತ್ರೆಯ ಮೈದಾನದ ಚಾವಡಿಯಲ್ಲಿ ಮೇಜುಗಳನ್ನು ಸಾಲಾಗಿ ಹಾಕಿ ಬಾಡಿಗೆಗೆ ಕೊಡುತ್ತಾರೆ. ಬಾಗಿಲಲ್ಲಿ ಟಿಕೆಟು ಕೊಂಡವರು ಒಳಗೆ ಹೋಗಿ ನೋಡಬಹುದು, ಕೊಳ್ಳಬಹುದು, ಮಾರಬಹುದು, ಒಂದಕ್ಕೊಂದನ್ನು ಬದಲು ಮಾಡಿಕೊಳ್ಳಬಹುದು. ಒಂದು ನಾಡಕೋವಿಗೆ ಪರವಾನಗಿ ಪಡೆಯಲು ಕಚೇರಿಯಿಂದ ಕಚೇರಿಗೆ ಅಲೆಯುವ ದೇಶದವರಾದ ನಮಗೆ ಇದು ನಂಬಲಾಗದ ಮಾತಾಗಿ ತೋರುವುದು ಸಹಜ. ನಮ್ಮಲ್ಲಿ ಕೋವಿಯನ್ನು ಕುಲದ ಹಕ್ಕಾಗಿ ಇಟ್ಟುಕೊಳ್ಳುವ ರಿಯಾಯಿತಿ ಕೊಡವರಿಗೆ ಉಂಟು; 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜಿಸುವ ಆ ಕೋವಿಯ ಮೇಲೆ ಕೊಡವರಿಗಿರುವ ಮಮತೆಯನ್ನು ಕಂಡವರು ಮಾತ್ರ, ಅಮೆರಿಕದ ಹಳೆಯ ಸಂಗ್ರಾಹಕನು ತನ್ನ ಬಂದೂಕಿನ ಹಿಡಿಯನ್ನು ಅಷ್ಟು ಮೃದುವಾಗಿ ಏಕೆ ಸವರುತ್ತಾನೆಂಬುದನ್ನು ತುಸುಮಟ್ಟಿಗೆ ಊಹಿಸಿಯಾರು.

ಈ ಸಂತೆಗಳು ಹುಟ್ಟಿದ್ದು ವ್ಯಾಪಾರಿಗಳಿಂದಲ್ಲ, ಹವ್ಯಾಸಿಗಳಿಂದ. ಓಹಾಯೋ ಸಂಸ್ಥಾನದ ಸಂಗ್ರಾಹಕರ ಸಂಘ 1937ರಲ್ಲಿ ಸ್ಥಾಪಿತವಾಯಿತು. ಅದರ ಕೂಟಗಳಿಗೆ ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ಪ್ರವೇಶ. ಒಕ್ಲಹೋಮಾದ ಟಲ್ಸಾ ನಗರದ ಸಂತೆ 1955ರಲ್ಲಿ ಅಲ್ಲಿನ ಸಂಗ್ರಾಹಕರ ಸಣ್ಣ ಕೂಟವಾಗಿ ಮೊದಲಾಯಿತು. ಇಂದು ಅದು ನಾಲ್ಕು ಸಾವಿರಕ್ಕೂ ಹೆಚ್ಚು ಮೇಜುಗಳ ಮಹಾಜಾತ್ರೆ. ಒಂದೊಂದು ಮೇಜಿನ ಮುಂದೆ ಒಂದೇ ನಿಮಿಷ ನಿಂತರೂ ಎರಡು ದಿನದಲ್ಲಿ ಮುಗಿಯುವುದಿಲ್ಲ. ಈ ಹವ್ಯಾಸ ಜನಸಾಮಾನ್ಯರಿಗೆ ಹರಡಲು ಚಲಚ್ಚಿತ್ರವೂ ನೆರವಾಯಿತು. 1950ರಲ್ಲಿ ‘ವಿಂಚೆಸ್ಟರ್ 73’ ಎಂಬ ಚಿತ್ರ ತೆರೆಗೆ ಬಂದಾಗ, ‘ಸಾವಿರದಲ್ಲಿ ಒಂದು’ ಎಂಬ ಬರಹ ಹೊತ್ತ ಅಪರೂಪದ ವಿಂಚೆಸ್ಟರ್ ಬಂದೂಕುಗಳು ಯಾರ ಮನೆಯಲ್ಲಾದರೂ ಉಳಿದಿವೆಯೇ ಎಂದು ಚಿತ್ರಸಂಸ್ಥೆ ದೇಶಾದ್ಯಂತ ಡಂಗುರ ಹೊಡೆಯಿಸಿತು. ಚಿತ್ರದ ಪ್ರಚಾರಕ್ಕೆಂದು ಮಾಡಿದ ಈ ಹುಡುಕಾಟದಿಂದ, ಅಜ್ಜನ ಕಾಲದ ಬಂದೂಕೂ ಒಂದು ಆಸ್ತಿಯೆಂಬ ತಿಳಿವಳಿಕೆ ಮನೆಮನೆಗೆ ತಲುಪಿತು.

ಅದೇ ಕಾಲಕ್ಕೆ ಯುದ್ಧದ ಉಳಿಕೆಗಳು ಸಮುದ್ರ ದಾಟಿ ಬರತೊಡಗಿದವು. ಜರ್ಮನಿಯ ಮೌಸರ್, ಇಟಲಿಯ ಕಾರ್ಕಾನೋ, ಬ್ರಿಟಿಷರ ಲೀ-ಎನ್‌ಫೀಲ್ಡ್ ಇವು ಹಡಗುಗಟ್ಟಲೆ ಬಂದಿಳಿದು ಅತ್ಯಲ್ಪ ಬೆಲೆಗೆ ಮಾರಾಟವಾದವು. ಅಂಚೆಯಲ್ಲಿ ಹಣ ಕಳುಹಿಸಿದರೆ ಬಂದೂಕು ಮನೆಬಾಗಿಲಿಗೆ ಬರುತ್ತಿದ್ದ ಕಾಲವದು. 1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ಬಂದೂಕನ್ನು ಹಂತಕನು ಸುಳ್ಳು ಹೆಸರಿನಲ್ಲಿ ಷಿಕಾಗೋ ನಗರದ ಅಂಗಡಿಯೊಂದರಿಂದ ಅಂಚೆಯ ಮೂಲಕ ತರಿಸಿಕೊಂಡಿದ್ದನು. ದೂರದರ್ಶಕ ಸಹಿತವಾಗಿ ಅದರ ಬೆಲೆ ಇಪ್ಪತ್ತು ಡಾಲರಿಗೆ ಐದು ಸೆಂಟು ಕಡಿಮೆ. ಐದು ವರ್ಷಗಳ ಅನಂತರ, 1968ರ ಕಾನೂನು ಈ ಅಂಚೆಯ ವ್ಯಾಪಾರವನ್ನು ನಿಲ್ಲಿಸಿತು. ಸೈನ್ಯದ ಹಳೆಯ ಬಂದೂಕುಗಳ ಆಮದನ್ನೂ ತಡೆಯಿತು.

ಆ ಕಾನೂನಿನ ಇನ್ನೊಂದು ಪರಿಣಾಮವನ್ನು ಹೊರಗಿನವರು ಅಷ್ಟಾಗಿ ಗಮನಿಸಿಲ್ಲ. ಪರವಾನಗಿ ಪಡೆದ ವ್ಯಾಪಾರಿಯು ತನ್ನ ಅಂಗಡಿಯಲ್ಲಿ ಮಾತ್ರ ಮಾರಬೇಕೆಂಬ ಕಟ್ಟುಪಾಡು ಬಂದುದರಿಂದ, ಮುಂದಿನ ಹದಿನೈದು ಹದಿನಾರು ವರ್ಷ ಸಂತೆಯ ಮೇಜುಗಳು ಬಹುಮಟ್ಟಿಗೆ ಹವ್ಯಾಸಿಗಳ ಪಾಲಿಗೇ ಉಳಿದವು. ಹಳಬರು ‘ನಮ್ಮ ಕಾಲ’ವೆಂದು ನಿಟ್ಟುಸಿರು ಬಿಡುವುದು ಬಹುಶಃ ಈ ಅವಧಿಯನ್ನು ನೆನೆದೇ. ಕಾನೂನನ್ನು ಬಯ್ಯುವುದೇ ಆ ವರ್ಗದ ರೂಢಿ. ಅವರ ಸುವರ್ಣಯುಗವನ್ನು ಕಾಪಾಡಿದುದು ಒಂದು ಕಾನೂನೇ ಎಂಬುದು ನಮಗೆ ಸೋಜಿಗವಾಗಿ ತೋರುತ್ತದೆ.

ಆ ದಿನಗಳ ಮೇಜು ಒಂದು ಪಾಠಶಾಲೆಯಾಗಿತ್ತು. ಜರ್ಮನಿಯಿಂದ ಸಿಪಾಯಿಗಳು ಹೊತ್ತು ತಂದ ಲೂಗರ್ ಪಿಸ್ತೂಲನ್ನೇ ತೆಗೆದುಕೊಳ್ಳೋಣ. ಅದರ ಸಣ್ಣಸಣ್ಣ ಬಿಡಿಭಾಗಗಳ ಮೇಲೂ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಎಲ್ಲ ಅಂಕಿಗಳೂ ಒಂದಕ್ಕೊಂದು ಹೊಂದಿದರೆ ಪಿಸ್ತೂಲು ಕಾರ್ಖಾನೆಯಿಂದ ಹೊರಟಂತೆಯೇ ಇದೆಯೆಂದು ಅರ್ಥ. ಒಂದು ಭಾಗ ಬೇರೆಯಾಗಿದ್ದರೂ ಬೆಲೆ ಸರ್ರನೆ ಇಳಿಯುತ್ತದೆ. ಉಕ್ಕಿನ ಮೇಲಿನ ನೀಲಿ ಮೆರುಗು ಹಳೆಯದೋ, ಈಚೆಗೆ ಯಾರೋ ಹೊಸದಾಗಿ ಹಾಕಿಸಿದ್ದೋ? ಹೊಸದಾಗಿ ಹಾಕಿಸಬೇಕಾದರೆ ಮೊದಲು ಉಜ್ಜಬೇಕು. ಉಜ್ಜಿದರೆ ಅಕ್ಷರಗಳ ಅಂಚು ಮೊಂಡಾಗುತ್ತದೆ, ತಿರುಪಿನ ತೂತುಗಳ ಸುತ್ತ ಸಣ್ಣ ತಗ್ಗು ಬೀಳುತ್ತದೆ. ನಳಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದು ಕಾಣುತ್ತದೆ. ಅಂಗಡಿಯವನೂ ಅಲ್ಲ, ಅಧ್ಯಾಪಕನೂ ಅಲ್ಲದ, ಬಡಗಿಯೋ ರೈಲ್ವೆ ನೌಕರನೋ ಆಗಿದ್ದ ಹಿರಿಯನೊಬ್ಬ ಮೇಜಿನ ಹಿಂದೆ ಕುಳಿತು, ಕೊಳ್ಳಲು ಕಾಸಿಲ್ಲದ ಹುಡುಗನಿಗೂ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದನು. ಆ ಹುಡುಗ ಮುಂದೆ ಹತ್ತು ವರ್ಷಕ್ಕೆ ಗಿರಾಕಿಯಾಗಿ ಬಂದಾನೆಂಬ ಲೆಕ್ಕಾಚಾರಕ್ಕಿಂತ, ತಿಳಿದುದನ್ನು ಹೇಳದೆ ಇರಲಾರದ ಮನುಷ್ಯಸ್ವಭಾವವೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಹೀಗೆ ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ಒಂದಂಶ ಆಮೇಲೆ ಗ್ರಂಥಸ್ಥವಾಯಿತು. 1977ರಲ್ಲಿ ಫ್ಲೇಡರ್ಮನ್ ಎಂಬ ಹಳೆಯ ಶಸ್ತ್ರವ್ಯಾಪಾರಿ ಪ್ರಕಟಿಸಿದ ಕೈಪಿಡಿಯನ್ನು ಇಂದಿಗೂ ಸಂಗ್ರಾಹಕರು ಪಂಚಾಂಗದಂತೆ ಬಳಸುತ್ತಾರೆ.

1984ರಲ್ಲಿ ನಿಯಮ ಸಡಿಲವಾಯಿತು. 1986ರ ಕಾಯಿದೆ ಆ ಸಡಿಲಿಕೆಯನ್ನು ಸ್ಥಿರಗೊಳಿಸಿತು. ವ್ಯಾಪಾರಿಗಳು ತಮ್ಮ ಸಂಸ್ಥಾನದೊಳಗಿನ ಸಂತೆಗಳಲ್ಲಿ ಮೇಜು ಹಾಕಬಹುದಾಯಿತು. ಹಳೆಯ ಸೈನ್ಯದ ಬಂದೂಕುಗಳ ಆಮದಿಗೂ 1984ರಲ್ಲಿಯೇ ಮತ್ತೆ ದಾರಿ ತೆರೆಯಿತು. ಸಂತೆಗಳ ಸಂಖ್ಯೆ ಅಣಬೆಯಂತೆ ಏರಿತು. 1998ನೆಯ ಒಂದೇ ವರ್ಷದಲ್ಲಿ 4,442 ಸಂತೆಗಳ ಜಾಹೀರಾತು ಬಂದಿದ್ದಿತೆಂದು ಆ ದೇಶದ ಸರ್ಕಾರದ ವರದಿಯೊಂದು ಲೆಕ್ಕ ಕೊಟ್ಟಿದೆ. ಸಂಖ್ಯೆ ಹೆಚ್ಚಿದಂತೆ ಸರಕು ಬದಲಾಯಿತು. ಮರದ ಹಿಡಿಯ ಬೇಟೆಕೋವಿಗಳಿದ್ದ ಕಡೆ ಕಪ್ಪು ಪ್ಲಾಸ್ಟಿಕ್ಕಿನ ಹೊಸ ರೈಫಲ್ಲುಗಳು ಬಂದು ನಿಂತವು; ಇವುಗಳಲ್ಲಿ ಕೆಲವು ಬಗೆಗಳ ಮೇಲೆ 1994ರಲ್ಲಿ ಹಾಕಿದ್ದ ನಿಷೇಧ 2004ರಲ್ಲಿ ಕೊನೆಗೊಂಡ ಬಳಿಕವಂತೂ ಕೇಳುವುದೇ ಬೇಡ. ಪಕ್ಕದಲ್ಲಿ ತೋಟಾಗಳ ಪೆಟ್ಟಿಗೆ, ಚಾಕು, ಬನಿಯನ್ನು, ಒಣಗಿಸಿದ ಮಾಂಸದ ತುಂಡು. ಈ ಒಣಮಾಂಸದ ಅಂಗಡಿಯನ್ನು ಬಯ್ಯದ ಹಳೆಯ ಸಂಗ್ರಾಹಕನೇ ಇಲ್ಲ! ಟಿಕೆಟು ಕೊಟ್ಟು ಒಳಗೆ ಹೋಗಿ ಒಂದೇ ಒಂದು ಹಳೆಯ ಕೋಲ್ಟ್ ರಿವಾಲ್ವರನ್ನೂ ಕಾಣದೆ ಮಾಂಸದ ಪೊಟ್ಟಣ ಹಿಡಿದು ಹೊರಬರಬೇಕಾಯಿತೆಂಬುದು ಅವರ ನಡುವಣ ಕಹಿ ವಿನೋದ.

ಆಮೇಲೆ ಅಂತರ್ಜಾಲ ಬಂದಿತು. 1999ರಲ್ಲಿ ಬಂದೂಕುಗಳಿಗಾಗಿಯೇ ಒಂದು ಹರಾಜುಕಟ್ಟೆ ಅಲ್ಲಿ ಆರಂಭವಾಯಿತು. ಯಾವ ಬಂದೂಕು ನಿನ್ನೆ ಎಷ್ಟಕ್ಕೆ ಹೋಯಿತೆಂಬುದು ಈಗ ಎಲ್ಲರ ಅಂಗೈಯಲ್ಲಿದೆ. ತಿಳಿಯದವನಿಂದ ಅಗ್ಗಕ್ಕೆ ಕೊಳ್ಳುವ ಹಳೆಯ ಸುಖ ಇದರಿಂದ ತಪ್ಪಿತು. ತಿಳಿಯದ ವಿಧವೆಯು ಗಂಡನ ಸಂಗ್ರಹವನ್ನು ಮೂರು ಕಾಸಿಗೆ ಕಳೆದುಕೊಳ್ಳುವ ಅನ್ಯಾಯವೂ ಅಷ್ಟರಮಟ್ಟಿಗೆ ತಪ್ಪಿತು. ಎರಡನೆಯದಕ್ಕಾಗಿ ಮೊದಲನೆಯದನ್ನು ಬಿಡಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಒಳ್ಳೆಯ ವಸ್ತುಗಳು ಮೇಜಿಗೆ ಬರುವುದು ನಿಂತಿತೆಂಬುದು ನಿಜ. 1847ರಲ್ಲಿ ಕೇವಲ 1,100ರಷ್ಟು ತಯಾರಾದ ಕೋಲ್ಟ್ ವಾಕರ್ ರಿವಾಲ್ವರುಗಳಲ್ಲೊಂದು 2018ರಲ್ಲಿ ಹರಾಜಿನಲ್ಲಿ 18 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಬಿಲ್ಲಿ ದ ಕಿಡ್ ಎಂಬ ಪ್ರಸಿದ್ಧ ಡಕಾಯಿತನನ್ನು ಕೊಂದ ರಿವಾಲ್ವರು 2021ರಲ್ಲಿ 60 ಲಕ್ಷ ಡಾಲರನ್ನು ಮೀರಿತು. ಇಂಥ ವಸ್ತುವನ್ನು ಯಾರು ತಾನೆ ಜಾತ್ರೆಯ ಮೇಜಿನ ಮೇಲೆ ಇಟ್ಟಾರು?

ಇಷ್ಟೇ ಆಗಿದ್ದರೆ ಇದು ಹವ್ಯಾಸಿಗಳ ಒಳಮನೆಯ ಗೊಣಗಾಟವಾಗುತ್ತಿತ್ತು. ಆದರೆ ಮೇಜಿನ ಮೇಲಿರುವುದು ಅಂಚೆಚೀಟಿಯಲ್ಲ. 1999ರ ಏಪ್ರಿಲ್ 20ರಂದು ಕೊಲೊರಾಡೋ ಸಂಸ್ಥಾನದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಹನ್ನೆರಡು ಮಂದಿ ಸಹಪಾಠಿಗಳನ್ನೂ ಒಬ್ಬ ಉಪಾಧ್ಯಾಯರನ್ನೂ ಗುಂಡಿಕ್ಕಿ ಕೊಂದರು. ಅವರ ಕೈಯಲ್ಲಿದ್ದ ನಾಲ್ಕು ಆಯುಧಗಳಲ್ಲಿ ಮೂರನ್ನು ಹದಿನೆಂಟು ತುಂಬಿದ್ದ ಗೆಳತಿಯೊಬ್ಬಳು ಹಿಂದಿನ ವರ್ಷ ಇಂಥ ಸಂತೆಯೊಂದರಲ್ಲಿ, ಖಾಸಗಿ ಮಾರಾಟಗಾರರಿಂದ, ಯಾವ ವಿಚಾರಣೆಯೂ ಇಲ್ಲದೆ ಕೊಂಡುಕೊಟ್ಟಿದ್ದಳು. ಪರವಾನಗಿಯ ವ್ಯಾಪಾರಿ ಕೊಳ್ಳುವವನ ಪೂರ್ವಚರಿತ್ರೆಯನ್ನು ಸರ್ಕಾರದಿಂದ ಕೇಳಿ ತಿಳಿಯಬೇಕೆಂಬ ನಿಯಮ 1994ರಿಂದಲೇ ಇತ್ತು. ಖಾಸಗಿಯಾಗಿ ಮಾರುವವನಿಗೆ ಅದು ಅನ್ವಯಿಸುತ್ತಿರಲಿಲ್ಲ. ಸಂಗ್ರಾಹಕರ ಕೊಡುಕೊಳ್ಳುವಿಕೆಗೆ ಅಡ್ಡಿಯಾಗದಿರಲೆಂದು ಉಳಿಸಿದ್ದ ಕಿಂಡಿ ಅದು. ಆ ಕಿಂಡಿಯಿಂದ ಮೃತ್ಯು ನುಸುಳಿತು.

ಮರುವರ್ಷವೇ ಕೊಲೊರಾಡೋ ಮತ್ತು ಆರೆಗನ್ ಸಂಸ್ಥಾನಗಳ ಮತದಾರರು ಸಂತೆಯ ಪ್ರತಿಯೊಂದು ಮಾರಾಟಕ್ಕೂ ವಿಚಾರಣೆಯನ್ನು ಕಡ್ಡಾಯ ಮಾಡಿದರು. ಕ್ಯಾಲಿಫೋರ್ನಿಯಾ 2022ರಲ್ಲಿ ಇನ್ನೂ ಮುಂದೆ ಹೋಗಿ ಸಂಸ್ಥಾನಕ್ಕೆ ಸೇರಿದ ನೆಲದಲ್ಲಿ ಬಂದೂಕಿನ ಮಾರಾಟವನ್ನೇ ನಿಷೇಧಿಸಿತು. ಅದೇ ವರ್ಷ ಕೇಂದ್ರದ ಕಾಯಿದೆ ‘ವ್ಯಾಪಾರ’ವೆಂಬ ಪದದ ವ್ಯಾಪ್ತಿಯನ್ನು ಹಿಗ್ಗಿಸಿ, ಲಾಭವೇ ಮುಖ್ಯೋದ್ದೇಶವಾಗಿ ಮತ್ತೆ ಮತ್ತೆ ಮಾರುವವನು ಪರವಾನಗಿ ಪಡೆಯಬೇಕೆಂದು ವಿಧಿಸಿತು. ಹಳೆಯ ಸಂಗ್ರಾಹಕನು ಇದಕ್ಕೆ ಒಂದು ಉತ್ತರ ಕೊಡುತ್ತಾನೆ: ಸೆರೆಮನೆಯಲ್ಲಿರುವವರನ್ನು 2016ರಲ್ಲಿ ಕೇಳಿ ಸಿದ್ಧಪಡಿಸಿದ ಸರ್ಕಾರದ ಲೆಕ್ಕದಂತೆ, ಅಪರಾಧಕಾಲದಲ್ಲಿ ಬಂದೂಕು ಹೊಂದಿದ್ದವರಲ್ಲಿ ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ ಮಂದಿ ಅದನ್ನು ಸಂತೆಯಿಂದ ತಂದಿದ್ದರು, ಕಳ್ಳಪೇಟೆಯಿಂದ ತಂದವರೇ ಬಹಳ. ಲೆಕ್ಕ ಸರಿಯೇ. ಆದರೆ ಕಳ್ಳಪೇಟೆಗೆ ಆ ಬಂದೂಕು ಮೊದಲು ಎಲ್ಲಿಂದ ಬಂದಿತೆಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ನಿಜವಾದ ಸಂಗ್ರಾಹಕನಿಗೆ ಇದರಿಂದ ಆಗುವ ತೊಂದರೆಯೂ ನಾವು ಊಹಿಸುವಷ್ಟು ದೊಡ್ಡದಲ್ಲ. 1899ಕ್ಕೆ ಮುಂಚೆ ತಯಾರಾದ ಬಂದೂಕು ಕೇಂದ್ರದ ಕಾನೂನಿನ ದೃಷ್ಟಿಯಲ್ಲಿ ಬಂದೂಕೇ ಅಲ್ಲ. ಐವತ್ತು ವರ್ಷ ದಾಟಿದವುಗಳನ್ನು ಕೊಳ್ಳಲು ಮೂವತ್ತು ಡಾಲರಿನ, ಮೂರು ವರ್ಷ ಬಾಳುವ ಸಂಗ್ರಾಹಕ ಪರವಾನಗಿಯೊಂದು ಉಂಟು. ಅರ್ಧ ಗಂಟೆಯ ವಿಚಾರಣೆಗೆ ಬೇಸರಪಡುವವನು, ಲೂಗರಿನ ಅಂಕಿ ನೋಡಲು ಅರ್ಧ ದಿನ ಕಳೆದವನಲ್ಲವೇ?

ನಮಗೆ ಹೆಚ್ಚಿನ ನಷ್ಟವೆಂದು ತೋರುವುದು ಬೇರೊಂದು. ಈ ಸಂತೆಗಳ ಮೇಜಿನ ಮೇಲೆ ಇಷಾಪುರದ ರೈಫಲ್ಲುಗಳೂ ಇರುತ್ತವೆ. ಕಲ್ಕತ್ತೆಯ ಬಳಿಯ ಇಷಾಪುರದ ಕಾರ್ಖಾನೆಯಲ್ಲಿ, 1962ರ ಚೀನೀ ಯುದ್ಧದ ಬಳಿಕ, ಲೀ-ಎನ್‌ಫೀಲ್ಡಿನ ಹಳೆಯ ಮೈಗೆ 7.62 ಮಿಲಿಮೀಟರಿನ ಹೊಸ ತೋಟಾ ಹಿಡಿಯುವಂತೆ ತಯಾರಿಸಿದ ‘2ಎ’, ‘2ಎ1’ ಎಂಬ ಬಂದೂಕುಗಳಿವು. ನಮ್ಮ ಠಾಣೆಗಳ ಪೊಲೀಸರ ಹೆಗಲಿನ ಮೇಲೆ ಇವುಗಳ ಅಣ್ಣತಮ್ಮಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಉಳಿಕೆಯ ಸರಕಾಗಿ ಅಮೆರಿಕಕ್ಕೆ ಹೋದಾಗ ಇವನ್ನು ಬರಿಯ ಅಗ್ಗದ ಬಂದೂಕೆಂದು ಕೊಂಡವರೇ ಹೆಚ್ಚು. ‘ಆರ್.ಎಫ್.ಐ.’ ಎಂಬ ಮೂರಕ್ಷರ ಯಾವ ಊರಿನದು, ಹಳೆಯ ಬ್ರಿಟಿಷ್ ನಮೂನೆಗಿಂತ ಇದರ ಉಕ್ಕು ಏಕೆ ಬೇರೆ ಎಂಬುದನ್ನು ವಿಚಾರಿಸಿ, ಹೋಲಿಸಿ, ಪಕ್ಕದವನಿಗೆ ಹೇಳಿದವರು ಮೇಜಿನ ಹಿಂದಿನ ಆ ವೃದ್ಧರೇ. ನಮ್ಮ ಮೈಸೂರಿನ ಬಂದೂಕುಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ, ಹುಲಿಯ ಮುಖ ಹುಲಿಯ ಪಟ್ಟೆಗಳ ಕೋವಿಗಳನ್ನು 1799ರ ಸೂರೆಯಲ್ಲಿ ಕೊಂಡೊಯ್ದವರು ಬ್ರಿಟಿಷರು. ಅವುಗಳ ಗುರುತುಗಳನ್ನು ಒಂದೊಂದಾಗಿ ಓದಿ 1992ರಲ್ಲಿ ಗ್ರಂಥವಾಗಿ ಬರೆದವರು ರಾಬಿನ್ ವಿಗಿಂಗ್ಟನ್. ಅವರು ಇಂಗ್ಲೆಂಡಿನ ಒಬ್ಬ ಸಂಗ್ರಾಹಕರು. 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಮೂವತ್ತು ವಸ್ತುಗಳು 60 ಲಕ್ಷ ಪೌಂಡುಗಳಿಗೂ ಮೇಲೆ ಮಾರಾಟವಾದವು. ಕೊಂಡವರ ಹೆಸರು ಹೆಚ್ಚಾಗಿ ಹೊರಬರಲಿಲ್ಲ.

ಈಗ ಓಹಾಯೋದಂಥ ಕೆಲವು ಹಳೆಯ ಸಂಘಗಳು ಮಾತ್ರ ಮಾರಾಟದ ಜೊತೆಗೆ ಪ್ರದರ್ಶನಕ್ಕೂ ಮೇಜುಗಳನ್ನು ಮೀಸಲಿಟ್ಟು, ಚೆನ್ನಾಗಿ ವಿವರಿಸಿ ಜೋಡಿಸಿದವರಿಗೆ ಬಹುಮಾನ ಕೊಡುತ್ತವೆ. ಅಲ್ಲಿಗೆ ಬರುವವರ ತಲೆಗಳು ಬಹುಮಟ್ಟಿಗೆ ನರೆತವು. ಮೊಮ್ಮಕ್ಕಳನ್ನು ಕರೆತಂದವರೂ ಇದ್ದಾರೆ. ಹುಡುಗರು ಮೊದಲು ಹೋಗುವುದು ಒಣಮಾಂಸದ ಅಂಗಡಿಯಿದ್ದರೆ ಅದರ ಕಡೆಗೆ.