ಮೊಣಕಾಲು ನೋವಿಗೆ ಸೀಟೂ ಕಾರಣ!

ರಾಯಚೂರು: ಸೈಕಲ್ ಭಾರ ಅಂತ ಬೈಯೋ ಮುಂಚೆ ಸೀಟು ನೋಡ್ರಿ! 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ದೇವದುರ್ಗ, ಮಾನ್ವಿ ಹಳ್ಳಿಗಳಿಗೂ ಬಂದವು. ಹುಡುಗರಿಗೊಂದು ನಮೂನೆ, ಹುಡುಗಿಯರಿಗೊಂದು. ಆದರೆ ಆ ವಯಸ್ಸಿನಲ್ಲಿ ಎಲ್ಲರ ಕಾಲೂ ಒಂದೇ ಉದ್ದವೇ?

ಸೀಟಿನ ಮೇಲೆ ಕೂತು, ಕೆಳಗಿನ ಪೆಡಲಿಗೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವುದು ಮಾತ್ರ ಮುಂಗಾಲಿನಿಂದ. ಆಗ ಮೊಣಕಾಲು ತುಸು ಮಡಚಿರುತ್ತದೆ. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂದೆ ನೋವು, ಎತ್ತರವಾದರೆ ಸೊಂಟ ಅತ್ತಿತ್ತ ಹೊರಳಾಟ. ಪಾನಾ ಇದ್ದರೆ ಎರಡು ನಿಮಿಷದ ಕೆಲಸ.

ಫ್ರೇಮು ಹಾಗಲ್ಲ. ನೆಲಕ್ಕೆ ಕಾಲೂರಿ ನಿಂತಾಗ ಮೇಲಿನ ಬಾರು ತೊಡೆಸಂದಿಗೆ ತಾಗಿದರೆ ಯಾವ ಪಾನಾದ ಆಟವೂ ನಡೆಯಲ್ಲ. ಕೊಳ್ಳುವಾಗ ಬಣ್ಣ ಆಮೇಲೆ, ಮೊದಲು ಕಾಲು ದಾಟಿಸಿ ನಿಲ್ಲಿಸ್ರಿ. "ಹುಡುಗ ಬೆಳೀತಾನ ಬಿಡ್ರಿ" ಅಂತ ದೊಡ್ಡದು ತಂದರೆ, ಬ್ರೇಕ್ ಹಿಡಿದಾಗ ನೆಲ ಸಿಗದೆ ಬೀಳುವವನು ಈಗಿನ ಹುಡುಗ.