ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುವುದೇಕೆ?



ಅಡಿಕೆಗೆ ಕೊಳೆರೋಗ ತಗಲಿದರೆ ನಾವು ಯಾರಿಂದಲೂ ಮುಚ್ಚಿಡುವುದಿಲ್ಲ. ನೆರೆಯ ತೋಟದವರನ್ನು ವಿಚಾರಿಸಿ, ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ತಿಳಿದವರನ್ನು ಕರೆಸಿ ತೋರಿಸುತ್ತೇವೆ. ಆದರೆ ಮನೆಯ ಯಜಮಾನರಿಗೆ ನಿದ್ರೆ ಬಾರದೆ, ತೋಟಕ್ಕೆ ಇಳಿಯಲು ಮನಸ್ಸಿಲ್ಲದೆ ಮಂಕಾಗಿ ಕುಳಿತರೆ ಆ ಸುದ್ದಿ ಹೊಸಿಲು ದಾಟುವುದಿಲ್ಲ. ಊರವರು ಏನೆಂದಾರು, ಮಗಳ ಸಂಬಂಧ ತಪ್ಪೀತು ಎಂಬ ಅಂಜಿಕೆ!

ಧಾರಣೆ ಕುಸಿದಾಗ, ಸಾಲದ ಕಂತು ಎದುರು ನಿಂತಾಗ ಚಿಂತೆ ಸಹಜ. ಆದರೆ ಬೇಸರ, ನಿದ್ರಾಹೀನತೆ, ಊಟ ಸೇರದಿರುವುದು, ತಾನು ಯಾವುದಕ್ಕೂ ಬೇಡವೆಂಬ ಭಾವನೆ ಎರಡು ವಾರ ಕಳೆದರೂ ಬಿಡದಿದ್ದರೆ ಅದು ಖಿನ್ನತೆ ಇರಬಹುದು. ಇದು ಸೋಮಾರಿತನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದಕ್ಕೆ ಚಿಕಿತ್ಸೆಯಿದೆ. ಔಷಧದ ಗುಣ ತಿಳಿಯಲು ಕೆಲವು ವಾರಗಳೇ ಬೇಕು. ಗುಣವೆನಿಸಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹಳ್ಳಿಯ ಸಮೀಪದಲ್ಲೇ ಮನೋಚಿಕಿತ್ಸೆ ದೊರಕಿಸುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಕೈಗೊಂಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಕಾರ್ಯಕ್ರಮ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೊಂದು ಮಾತು. "ಬದುಕೇ ಸಾಕು" ಎಂದು ಯಾರಾದರೂ ಅಂದರೆ ಹಗುರವಾಗಿ ಕಾಣಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಅಂಥವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ತೋಟದ ಕೀಟನಾಶಕಗಳನ್ನು ಬೀಗ ಹಾಕಿ, ಬೀಗದ ಕೈಯನ್ನು ಬೇರೆಯವರ ವಶದಲ್ಲಿಡಿರಿ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಮನೋಕ್ಲೇಶದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯಿದೆ ಭಾವಿಸುತ್ತದೆ. ಆದ್ದರಿಂದ ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡಬಾರದು.

ಸಹಕಾರವೆಂದರೆ ಗೊಬ್ಬರ, ಸಾಲ, ಮಾರಾಟ ಇಷ್ಟೇ ಅಲ್ಲ. ಸದಾ ಸಭೆಗೆ ಬರುತ್ತಿದ್ದ ಸದಸ್ಯರು ಎರಡು ಬಾರಿ ಕಾಣದಿದ್ದರೆ ಅವರ ಮನೆಯತ್ತ ಹೋಗಿಬನ್ನಿರಿ. ಕಂತಿನ ಮಾತನ್ನು ಆಮೇಲೆ ಆಡಬಹುದು; ಮೊದಲು "ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬರುವವರೆಗೆ ಕುಳಿತುಕೊಳ್ಳಿರಿ. ಕಂತು ಕಟ್ಟಲಾಗದ ಸದಸ್ಯರೂ ಸಂಕೋಚಪಡದೆ ಸಂಘಕ್ಕೆ ಬಂದು ಹೇಳಿಕೊಳ್ಳಲಿ. ಒಂದು ಫಸಲು ಹೋದರೆ ಮುಂದಿನ ವರ್ಷ ಇನ್ನೊಂದು ಬಂದೀತು. ಹೋದ ಜೀವ ಬಾರದು.